ಮುಂಬೈ ಯೂನಿವರ್ಸಿಟಿಗೂ ನಮಗೂ ಏನು ನಂಟು?

ಸಾಂತಾಕ್ರೂಜ್ ಅಪ್ಪ | ಶನಿವಾರ, ರಾತ್ರಿ 9:10

ಒಂದು ಪ್ರಶ್ನೆ ಇದೆ. ಸುಮ್ನೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಮಗಳು ಈ ವರ್ಷ ಬಿ.ಎ. ಸೇರಿದಳು. ಹೋದ ಭಾನುವಾರ ಅವಳ ಜೊತೆ ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನ ದಾಟುತ್ತಿದ್ದೆ. ರಾಜಾಬಾಯಿ ಗಡಿಯಾರ ಹೊಡೆಯಿತು. "ನೋಡು, ಅದೇ ನಿನ್ನ ಯೂನಿವರ್ಸಿಟಿ" ಅಂದೆ. ಅವಳು ಮೊಬೈಲಿನಿಂದ ತಲೆ ಎತ್ತಿ, "ಅದು ನನ್ನ ಮಾರ್ಕ್‌ಶೀಟಿನ ಮೇಲೆ ಬರೋ ಹೆಸರು ಅಷ್ಟೇ ಅಪ್ಪಾ. ನೀವು ಯಾವತ್ತಾದ್ರೂ ಒಳಗೆ ಹೋಗಿದ್ದೀರಾ?" ಅಂದಳು.

ಹೋಗಿಲ್ಲ. 1994ರಲ್ಲಿ ನನ್ನ ಬಿ.ಕಾಂ. ಮುಗಿಯಿತು. ಕಾಲೇಜು ಅಂಧೇರಿಯಲ್ಲಿ, ಸರ್ಟಿಫಿಕೇಟು ಸಿಕ್ಕಿದ್ದು ಕಾಲೇಜಿನ ಕಿಟಕಿಯಲ್ಲಿ. ಅದರ ಮೇಲೆ ಇನ್ನೂ 'ಬಾಂಬೆ' ಅಂತಲೇ ಇದೆ, ಹೆಸರು ಬದಲಾದದ್ದು 1996ರಲ್ಲಿ. ಈಗ ಮನೆ ಕಲೀನಾ ಕ್ಯಾಂಪಸ್ಸಿಗೆ ಹತ್ತಿರ. ದಿನಾ ಆ ಗೇಟಿನ ಮುಂದೆ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಲ್ಲುತ್ತೇನೆ. ಒಳಗೆ ಕಾಲಿಟ್ಟಿಲ್ಲ.

ಈ ಊರಿಗೂ ಆ ಯೂನಿವರ್ಸಿಟಿಗೂ ನಿಜವಾಗಿ ಏನಾದರೂ ಸಂಬಂಧ ಇದೆಯಾ? ಅದರಲ್ಲೂ ನಮ್ಮಂಥ ಕನ್ನಡದವರಿಗೆ? ಗೊತ್ತಿದ್ದವರು ಹೇಳಿ. ಮಗಳಿಗೆ ಉತ್ತರ ಕೊಡಬೇಕು.

ವಡಾಲಾ ಹುಡುಗ | ಶನಿವಾರ, ರಾತ್ರಿ 9:26

ನಿಮ್ಮ ಮಗಳು ಸರಿಯಾಗಿಯೇ ಹೇಳಿದ್ದಾಳೆ ಅಂಕಲ್. ಅದೊಂದು ಪರೀಕ್ಷೆಯ ಕಾರ್ಖಾನೆ. ಮೊದಲಿನಿಂದಲೂ ಹಾಗೇ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸು ಮೂರನ್ನೂ ಶುರು ಮಾಡಿದಾಗ ಲಂಡನ್ ಯೂನಿವರ್ಸಿಟಿಯ ಅಚ್ಚನ್ನೇ ತಂದರು. ಪಾಠ ಕಾಲೇಜಿನವರು ಮಾಡಬೇಕು, ಇವರು ಪ್ರಶ್ನೆಪತ್ರಿಕೆ ಕೊಟ್ಟು ಪಾಸು, ಫೇಲು ಹೇಳಬೇಕು. ಸುಮಾರು 60 ವರ್ಷ ಅಲ್ಲಿ ಪಾಠವೇ ನಡೆಯಲಿಲ್ಲ. ಈಗ ಏಳುನೂರಕ್ಕೂ ಜಾಸ್ತಿ ಕಾಲೇಜು ಅದರ ಕೆಳಗಿವೆ. ಇಷ್ಟು ದೊಡ್ಡ ಜಾತ್ರೆಯಲ್ಲಿ ನಂಟು ಎಲ್ಲಿಂದ ಬರುತ್ತದೆ?

ನನ್ನದೂ ಕೇಳಿ. ಮಾರ್ಕ್‌ಶೀಟಿನಲ್ಲಿ ಅಮ್ಮನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ತಪ್ಪು ನಮ್ಮ ಕಾಲೇಜಿನ ಆಫೀಸಿನದೇ, ಫಾರ್ಮಿನಲ್ಲಿ ನಾನು ಸರಿಯಾಗಿ ಬರೆದಿದ್ದೆ. ಕಾಲೇಜಿನ ಹೆಸರು ಬೇಡ ಬಿಡಿ. ಅದನ್ನು ಸರಿ ಮಾಡಿಸಲು ನಾಲ್ಕು ಸಲ ರಜೆ ಹಾಕಿದೆ. ನಂಟು ಅಂದರೆ ನನಗೆ ನೆನಪಾಗುವುದು ಆ ಕೌಂಟರಿನ ಕಿಟಕಿಯೇ.

ಫೋರ್ಟ್ ತಿರುಗಾಟ | ಶನಿವಾರ, ರಾತ್ರಿ 10:02

ಕೌಂಟರಿನ ಸಿಟ್ಟನ್ನು ಕಟ್ಟಡದ ಮೇಲೆ ಹಾಕಬೇಡಿ ಮಾರಾಯ್ರೇ. ಆ ಕಟ್ಟಡದ ಕಲ್ಲಿನಲ್ಲಿ ಊರಿನ ಚರಿತ್ರೆಯೇ ಇದೆ.

ಶುರುವಿನಲ್ಲಿ ಯೂನಿವರ್ಸಿಟಿಗೆ ಸ್ವಂತ ಜಾಗವೇ ಇರಲಿಲ್ಲ. ಟೌನ್ ಹಾಲಿನಲ್ಲಿ ಕೆಲಸ ನಡೆಯುತ್ತಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಿತು, ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಊರಿಗೆ ಊರೇ ಹಣದಲ್ಲಿ ತೇಲಿತು. ಅದೇ ಹೊತ್ತಿಗೆ ಕೋಟೆಯ ಗೋಡೆ ಕೆಡವಿದರು, ಓವಲ್ ಕಡೆ ಬಯಲು ಸಿಕ್ಕಿತು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ಗಡಿಯಾರದ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು, ಅವರ ತಾಯಿಯ ಹೆಸರು ಇಡಬೇಕು ಅಂತ. ಆ ತಾಯಿಯೇ ರಾಜಾಬಾಯಿ. ಪಕ್ಕದ ಕಾನ್ವೊಕೇಶನ್ ಹಾಲಿಗೆ ಪಾರ್ಸಿ ಸಾಹುಕಾರ ಕಾವಸ್ಜಿ ಜಹಾಂಗೀರ್ ರೆಡಿಮನಿ 1 ಲಕ್ಷ ಕೊಟ್ಟರು. ಒಬ್ಬರು ಗುಜರಾತಿ ಜೈನರು, ಒಬ್ಬರು ಪಾರ್ಸಿ. ಸರ್ಕಾರದ ಯೂನಿವರ್ಸಿಟಿ ಅಂತೇವೆ, ಮಾಡು ಹಾಕಿದ್ದು ಪೇಟೆಯ ದುಡ್ಡು.

1865ರಲ್ಲಿ ಯುದ್ಧ ಮುಗಿದು ಹತ್ತಿ ಬೆಲೆ ದೊಪ್ಪನೆ ಬಿತ್ತು. ಪ್ರೇಮಚಂದರೂ ಮುಳುಗಿದರು. ಗೋಪುರವನ್ನು ಮಾತ್ರ ಕೈಬಿಡಲಿಲ್ಲ. 1869ರಲ್ಲಿ ಕೆಲಸ ಶುರುವಾಗಿ 1878ರಲ್ಲಿ ಮುಗಿಯಿತು. 280 ಅಡಿ. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಎಂಬ ಇಂಗ್ಲಿಷ್ ಮಹಾಶಯ ಈ ದೇಶಕ್ಕೆ ಒಮ್ಮೆಯೂ ಬಂದವನಲ್ಲ. ನಕ್ಷೆ ಅಲ್ಲಿಂದ ಬಂತು, ಕಲ್ಲು ಕುರ್ಲಾದಿಂದ ಬಂತು. ಗೋಪುರದ ಮೇಲೆ ಪಶ್ಚಿಮ ಭಾರತದ ಬೇರೆ ಬೇರೆ ಜಾತಿ, ಸಮುದಾಯದವರ 24 ಗೊಂಬೆಗಳಿವೆ. ಮುಂದಿನ ಸಲ ಓವಲ್‌ನಲ್ಲಿ ನಿಂತು ಕತ್ತೆತ್ತಿ ನೋಡಿ. ಯೂರೋಪಿನ ಗೋಪುರದ ಮೇಲೆ ನಮ್ಮ ಕಡೆಯ ಪೇಟ ಸುತ್ತಿದ ಮಂದಿ ನಿಂತಿದ್ದಾರೆ.

2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುಂಬೈನ ಕಟ್ಟಡಗಳ ಸಾಲಿನಲ್ಲಿ ಇದೂ ಇದೆ. ಅದು ಬಿಡಿ, ಬೋರ್ಡಿನಲ್ಲಿ ಬರೆದಿದೆ.

ಮಾಟುಂಗಾ ಮಾಮಿ | ಶನಿವಾರ, ರಾತ್ರಿ 10:15

ರಾಜಾಬಾಯಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರು ಸೂರ್ಯ ಮುಳುಗುವ ಮೊದಲು ಊಟ ಮಾಡಬೇಕಲ್ವಾ, ಗಂಟೆ ಕೇಳಿ ಹೊತ್ತು ತಿಳಿಯಲಿ ಅಂತ ಮಗ ಕಟ್ಟಿಸಿದ ಅಂತ ಹೇಳುತ್ತಾರೆ. ಕತೆ ನಿಜವೋ ಅಲ್ಲವೋ, ನನಗೆ ಬಹಳ ಇಷ್ಟ.

ಧಾರವಾಡ ಪೇಢೆ | ಶನಿವಾರ, ರಾತ್ರಿ 11:20

ಸಾಂತಾಕ್ರೂಜ್ ಅವರೇ, ಕನ್ನಡದವರಿಗೆ ಏನು ಸಂಬಂಧ ಅಂತ ಕೇಳಿದ್ರಿ. ಕೇಳಿ ನಗು ಬಂತು ನೋಡ್ರಿ.

ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲಾ ಬ್ರಿಟಿಷರ ಕಾಲದ ಮುಂಬೈ ಇಲಾಖೆಯಲ್ಲಿ, ಅಂದರೆ ಬಾಂಬೆ ಪ್ರೆಸಿಡೆನ್ಸಿಯಲ್ಲಿ ಇದ್ದವು. ಯೂನಿವರ್ಸಿಟಿಯ ಹರವು ಕರಾಚಿಯಿಂದ ಕಾರವಾರದವರೆಗೆ. ಉತ್ಪ್ರೇಕ್ಷೆ ಅಲ್ಲ. ಸಿಂಧ್‌ನ ಕಾಲೇಜೂ ಇದರ ಕೆಳಗೇ, ಗುಜರಾತಿನದೂ, ಪುಣೆಯದೂ. ನಮ್ಮ ಮುತ್ತಜ್ಜನಿಗೆ 'ಮೆಟ್ರಿಕ್ ಪಾಸ್' ಅಂದರೆ ಮುಂಬೈ ಯೂನಿವರ್ಸಿಟಿಯ ಮೆಟ್ರಿಕ್. ಅವರು ಮುಂಬೈ ಕಂಡವರೇ ಅಲ್ಲ, ಆದರೆ ಆ ಕಾಗದ ಒಂದು ತಗಡಿನ ಡಬ್ಬಿಯಲ್ಲಿ ಪಂಚಾಂಗದ ಜೊತೆ ಇತ್ತು.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಅದಕ್ಕೂ ಮೊದಲು ಬಿ.ಎ. ಮಾಡಬೇಕು ಅಂದರೆ ಪುಣೆಗೆ ಇಲ್ಲವೇ ಮುಂಬೈಗೆ ಗಂಟು ಕಟ್ಟಬೇಕಿತ್ತು. ಪುಣೆಯ ಫರ್ಗ್ಯುಸನ್ನಿನಲ್ಲಿ ಓದಿದರೂ ಡಿಗ್ರಿ ಮುಂಬೈಯದೇ. ಬೇಂದ್ರೆಯವರು ಫರ್ಗ್ಯುಸನ್ನಿನಲ್ಲಿ ಓದಿದ್ದು ಆ ಕಾಲದಲ್ಲೇ. ಕರ್ನಾಟಕದ ಏಕೀಕರಣಕ್ಕೆ ಜೀವ ತೇಯ್ದ ಆಲೂರ ವೆಂಕಟರಾಯರು ಓದಿದ್ದೂ ಇದೇ ದಾರಿಯಲ್ಲಿ. ಒಂದೇ ನಾಡು ಬೇಕು ಅಂತ ಕೇಳಿದವರ ಕೈಯಲ್ಲಿ ಇದ್ದದ್ದು ಮುಂಬೈ ಡಿಗ್ರಿ!

ಇನ್ನೊಂದು ಮಾತು, ಇದು ಬಹಳ ಜನರಿಗೆ ಗೊತ್ತಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಧಾರವಾಡದಲ್ಲಿ ಅಲ್ಲ. 1949ರ ಅಕ್ಟೋಬರಿನಲ್ಲಿ ಮುಂಬೈಯಲ್ಲೇ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಬಂತು. ತವರುಮನೆಯಲ್ಲಿ ಬಾಣಂತನ ಮುಗಿಸಿಕೊಂಡು ಬಂದ ಹಾಗೆ. ಆದ್ದರಿಂದ ಮುಂಬೈ ಯೂನಿವರ್ಸಿಟಿ ನಮಗೆ ಅಜ್ಜಿಮನೆ ಲೆಕ್ಕ. ಮಗಳಿಗೆ ಹಾಗೇ ಹೇಳ್ರಿ.

ಫೋರ್ಟ್ ತಿರುಗಾಟ | ಶನಿವಾರ, ರಾತ್ರಿ 11:31

ಗೋವಾ ಮರೆತಿರಲ್ಲ ರಾಯರೇ. 1961ರಲ್ಲಿ ಪೋರ್ಚುಗೀಸರು ಹೋದ ಮೇಲೆ ಅಲ್ಲಿನ ಕಾಲೇಜುಗಳೂ ಮುಂಬೈ ಯೂನಿವರ್ಸಿಟಿಗೇ ಸೇರಿದ್ದವು. ಗೋವಾಕ್ಕೆ ತನ್ನದೇ ಯೂನಿವರ್ಸಿಟಿ ಬಂದದ್ದು 1985ರಲ್ಲಿ.

ಧಾರವಾಡ ಪೇಢೆ | ಶನಿವಾರ, ರಾತ್ರಿ 11:38

ಹೌದು ಹೌದು. ಒಂದೊಂದೇ ಮಗು ಬೇರೆ ಮನೆ ಮಾಡಿತು. ಅಂದಹಾಗೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಬಿ. ಗಜೇಂದ್ರಗಡಕರ್ ಓದು ಶುರು ಮಾಡಿದ್ದು ನಮ್ಮ ಕರ್ನಾಟಕ ಕಾಲೇಜಿನಲ್ಲಿ. ಆಮೇಲೆ ಮುಂಬೈ ಯೂನಿವರ್ಸಿಟಿಯ ಕುಲಪತಿ ಆದರು. ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ ನೋಡ್ರಿ.

ವಡಾಲಾ ಹುಡುಗ | ಭಾನುವಾರ, ಬೆಳಿಗ್ಗೆ 8:05

ಎಲ್ಲಾ ಸರಿ ಸರ್. ಆದರೆ ನೀವು ಹೇಳಿದ್ದೆಲ್ಲಾ ಯಾರ ಕತೆ? ಸಾಹುಕಾರರದ್ದು, ಜಡ್ಜ್‌ಗಳದ್ದು, ದೊಡ್ಡವರದ್ದು. 1862ರಲ್ಲಿ ಮೊದಲ ಬಿ.ಎ. ಪಾಸಾದವರಲ್ಲಿ ಸಮಾಜ ಸುಧಾರಕ ಎಂ.ಜಿ. ರಾನಡೆ, ಸಂಸ್ಕೃತ ವಿದ್ವಾಂಸ ಭಂಡಾರ್ಕರ್ ಇದ್ದರು ಅಂತ ನಾವೂ ಓದಿದ್ದೇವೆ. ನಮ್ಮ ಅಪ್ಪ, ಮಾವಂದಿರು ಮುಂಬೈಗೆ ಬಂದದ್ದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು. ಅವರಿಗೆ ಆ ಗೋಪುರ ಏನು ಕೊಟ್ಟಿತು? ಟೈಮು?

ರಾತ್ರಿಶಾಲೆಯವ | ಭಾನುವಾರ, ಬೆಳಿಗ್ಗೆ 11:47

ಹೌದು ಮಗಾ, ಟೈಮೇ ಕೊಟ್ಟಿತು. ಹೇಳುತ್ತೇನೆ. ಮೊಮ್ಮಗ ಟೈಪ್ ಮಾಡುವುದನ್ನು ಕಲಿಸಿದ್ದಾನೆ, ಬೆರಳು ನಿಧಾನ. ತಪ್ಪಿದ್ದರೆ ತಿದ್ದಿ ಓದಿ.

1964ರಲ್ಲಿ ಕುಂದಾಪುರದ ಕಡೆಯಿಂದ ಬಂದೆ. ಆಗ ವಯಸ್ಸು 13. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಕ್ಲೀನರ್. ಗಡಿಯಾರ ಇದ್ದದ್ದು ಗಲ್ಲಾದ ಎದುರು ಗೋಡೆಗೆ, ಧಣಿಗಳಿಗೆ ಕಾಣುವ ಹಾಗೆ. ನಾನಿರುತ್ತಿದ್ದ, ಪಾತ್ರೆ ತೊಳೆಯುವ ಮೋರಿಗೆ ಅದು ಕಾಣುತ್ತಿರಲಿಲ್ಲ. ರಾಜಾಬಾಯಿ ಗಂಟೆ ಕೇಳುತ್ತಿತ್ತು. ಸಂಜೆ ಆರು ಹೊಡೆದ ಕೂಡಲೇ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಟ. ಧಣಿಗಳು ಒಳ್ಳೆಯವರು. "ಓದುವ ಹುಡುಗನನ್ನು ತಡೆಯಬೇಡಿ" ಅಂತ ಭಟ್ರಿಗೆ ಹೇಳಿದ್ದರು. ಭಟ್ರಿಗೆ ಮಾತ್ರ ಆ ಹೊತ್ತಿಗೇ ನನ್ನ ನೆನಪಾಗುತ್ತಿತ್ತು.

ಆಗ ಫೋರ್ಟಿನಲ್ಲಿ ನಮ್ಮ ಜನ ನಡೆಸುವ ರಾತ್ರಿ ಶಾಲೆಗಳು ಬೇಕಾದಷ್ಟಿದ್ದವು. ಮೊಗವೀರರದ್ದು, ಬಿಲ್ಲವರದ್ದು, ಬಂಟರದ್ದು, ಕನ್ನಡ ಭವನದ್ದು. ಹಗಲು ಬೇರೆ ಮಕ್ಕಳು ಕೂರುವ ಬೆಂಚಿನಲ್ಲಿ ರಾತ್ರಿ ನಾವು. ನನ್ನ ಪಕ್ಕ ಕೂರುತ್ತಿದ್ದವನಿಗೆ ಮೀಸೆ ಬಂದಿತ್ತು, ಊರಿನಲ್ಲಿ ಹೆಂಡತಿ ಇದ್ದಳು, ಓದುವುದು ಎಂಟನೇ ಕ್ಲಾಸು.

ಶಾಲೆ ಬಿಟ್ಟು ಬಂದ ಮೇಲೆ ಟೇಬಲ್ ಜೋಡಿಸಿ ಮಲಗುವುದು. ಮರುದಿನದ ಇಡ್ಲಿಗೆ ಹಿಟ್ಟು ರುಬ್ಬುವ ಕಡೆ ಮಾತ್ರ ರಾತ್ರಿ ಒಂದು ಗಂಟೆವರೆಗೆ ಬಲ್ಬು ಇರುತ್ತಿತ್ತು. ನನ್ನ ಓದು ಅಲ್ಲಿ. ಬೀಜಗಣಿತದ ಪುಸ್ತಕಕ್ಕೆ ಉದ್ದಿನ ಹಿಟ್ಟು ಸಿಡಿದು, ಒಣಗಿ, ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಪರೀಕ್ಷೆ ಹತ್ತಿರ ಬಂದಾಗ ಚಾಕುವಿನಿಂದ ಬಿಡಿಸಿದ್ದೆ. ನಾಲ್ಕು ಲೆಕ್ಕ ಹಿಟ್ಟಿನ ಜೊತೆಗೇ ಹೋದವು.

ಎಸ್.ಎಸ್.ಸಿ. ಎರಡನೇ ಸಲಕ್ಕೆ ಪಾಸು. ಮೊದಲ ಸಲ ಇಂಗ್ಲಿಷಿನಲ್ಲಿ ಹೋಗಿತ್ತು. ಆಮೇಲೆ ಏನು? ಹಗಲು ಕಾಲೇಜಿಗೆ ಹೋದರೆ ಹೊಟ್ಟೆಗೆ? ಆಗ ಒಬ್ಬರು ಹೇಳಿದರು, ಸಿದ್ಧಾರ್ಥ ಕಾಲೇಜಿನಲ್ಲಿ ಬೆಳಿಗ್ಗೆ ಕ್ಲಾಸು ಇದೆ ಅಂತ. ಅಂಬೇಡ್ಕರ್ ಅವರು 1946ರಲ್ಲಿ ಅದನ್ನು ತೆರೆದದ್ದೇ ಕೆಲಸ ಮಾಡುವ ಹುಡುಗರಿಗೂ ಓದು ಸಿಗಲಿ ಅಂತ. ಅವರೂ ಇದೇ ಯೂನಿವರ್ಸಿಟಿಯವರು. 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಚಾಳಿನಲ್ಲಿ ಓದಿ ಮೇಲೆ ಬಂದವರಿಗೆ ಹೊತ್ತಿನ ಬೆಲೆ ಗೊತ್ತಿತ್ತು.

ಆ ಹೊತ್ತಿಗೆ ನಾನು ಸಪ್ಲಾಯರ್ ಆಗಿದ್ದೆ. ಬೆಳಿಗ್ಗೆ ಕಾಲೇಜು, ಹನ್ನೊಂದರಿಂದ ಹೋಟೆಲು. ಕನ್ನಡ ಮೀಡಿಯಂನಿಂದ ಬಂದವನಿಗೆ ಎಕನಾಮಿಕ್ಸ್ ಅರ್ಥವೇ ಆಗುತ್ತಿರಲಿಲ್ಲ. ಗೊತ್ತಿಲ್ಲದ ಪದಗಳನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಮೂಲೆ ಟೇಬಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದ ಗಿರಾಕಿಯೊಬ್ಬರನ್ನು ಧೈರ್ಯ ಮಾಡಿ ಕೇಳಿದೆ, "ಸರ್, ಇನ್‌ಎಲಾಸ್ಟಿಕ್ ಡಿಮಾಂಡ್ ಅಂದರೆ ಏನು?" ಅವರು ಮೇಲೆ ಕೆಳಗೆ ನೋಡಿ, ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದರು. "ಇದರ ಬೆಲೆ ಎರಡು ಪಟ್ಟು ಆದರೆ ನಿಮ್ಮ ಭಟ್ರು ಸಾಂಬಾರಿಗೆ ಉಪ್ಪು ಹಾಕುವುದು ಬಿಡುತ್ತಾರಾ?" ಅಷ್ಟೇ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಭಟ್ರನ್ನು ಬಿಟ್ಟು ಉಳಿದದ್ದು ಬರೆದೆ.

1975ರಲ್ಲಿ ಬಿ.ಕಾಂ. ಆಯಿತು. ಆ ವಾರ ಒಂದು ಮಧ್ಯಾಹ್ನ ಇಸ್ತ್ರಿ ಅಂಗಿ ಹಾಕಿಕೊಂಡು ಯೂನಿವರ್ಸಿಟಿ ಗೇಟಿಗೆ ಹೋದೆ. ಅಲ್ಲಿಗೆ ನಾನು ಹೊಸಬನಲ್ಲ. ಆಫೀಸಿನವರಿಗೆ ಕೆಟಲಿನಲ್ಲಿ ಚಹಾ ಕೊಡಲು ನೂರು ಸಲ ಹೋಗಿದ್ದವ. ವಾಚ್‌ಮನ್ ನನ್ನ ಖಾಲಿ ಕೈ ನೋಡಿ "ಆಜ್ ಚಾಯ್ ನಹೀ ಲಾಯಾ?" ಅಂತ ಕೇಳಿದ. ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ, ಕಾನ್ವೊಕೇಶನ್ ಹಾಲಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ. ಬರುವಾಗ ಅವನಿಗೊಂದು ಚಹಾ ತಂದುಕೊಟ್ಟೆ.

ಆಮೇಲೆ ಬ್ಯಾಂಕು, ಮದುವೆ, ಭಾಂಡುಪಿನಲ್ಲಿ ಮನೆ. ಅದೆಲ್ಲ ಎಲ್ಲರದ್ದೂ ಒಂದೇ.

ಸಾಂತಾಕ್ರೂಜ್ ಅಪ್ಪ | ಭಾನುವಾರ, ಮಧ್ಯಾಹ್ನ 12:30

ಅಣ್ಣಾ, ಏನು ಬರೆಯಬೇಕು ತಿಳಿಯುತ್ತಿಲ್ಲ. ಮಗಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಉಪ್ಪಿನ ಡಬ್ಬಿಯ ಹತ್ತಿರ ನಕ್ಕಳು. ಚಹಾದ ಹತ್ತಿರ ಸುಮ್ಮನಾದಳು.

ವಡಾಲಾ ಹುಡುಗ | ಭಾನುವಾರ, ಮಧ್ಯಾಹ್ನ 12:41

ಅಜ್ಜಾ, ಕೈ ಮುಗಿದೆ. ಆದರೆ ಒಂದು ಮಾತು, ಬೇಜಾರು ಮಾಡಬೇಡಿ. ನಿಮಗೆ ಓದು ಕೊಟ್ಟದ್ದು ರಾತ್ರಿ ಶಾಲೆ, ಬೆಳಗಿನ ಕಾಲೇಜು, ಧಣಿ, ಆ ಗಿರಾಕಿ. ಯೂನಿವರ್ಸಿಟಿ ಕೊನೆಯಲ್ಲಿ ಠಸ್ಸೆ ಒತ್ತಿತು.

ರಾತ್ರಿಶಾಲೆಯವ | ಭಾನುವಾರ, ಮಧ್ಯಾಹ್ನ 1:15

ಆ ಠಸ್ಸೆ ಇಲ್ಲದಿದ್ದರೆ ಬ್ಯಾಂಕಿನವರು ಒಳಗೆ ಬಿಡುತ್ತಿದ್ದರಾ ಮಗಾ? ಹಗಲು ಕಾಲೇಜಿನ ಶ್ರೀಮಂತ ಹುಡುಗನಿಗೂ ಅದೇ ಪ್ರಶ್ನೆಪತ್ರಿಕೆ, ನನಗೂ ಅದೇ. ಅವನ ಪತ್ರಿಕೆ ತಿದ್ದಿದವರಿಗೆ ಯಾವುದು ಅವನದು, ಯಾವುದು ನನ್ನದು ಅಂತ ಗೊತ್ತಿರಲಿಲ್ಲ. ನೀನು ಕಾರ್ಖಾನೆ ಅಂದೆಯಲ್ಲ, ಅದರಿಂದ ನನಗಾದ ಲಾಭ ಅದು. ನಾನು ಊಟಕ್ಕೆ ಹೋಗುತ್ತೇನೆ.

ಮಾಟುಂಗಾ ಮಾಮಿ | ಭಾನುವಾರ, ಮಧ್ಯಾಹ್ನ 2:20

ನಮ್ಮ ಮಾಟುಂಗಾದ ಯು.ಡಿ.ಸಿ.ಟಿ.ಯನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. 1933ರಲ್ಲಿ ಮುಂಬೈ ಯೂನಿವರ್ಸಿಟಿಯೇ ಶುರು ಮಾಡಿದ ಕೆಮಿಕಲ್ ಟೆಕ್ನಾಲಜಿ ವಿಭಾಗ ಅದು. ಬಟ್ಟೆ ಗಿರಣಿಗಳ ಊರಲ್ವಾ, ಬಣ್ಣ ಹಾಕುವ ವಿದ್ಯೆ ಬಲ್ಲವರು ಬೇಕಿತ್ತು. ಹನೇಹಳ್ಳಿಯ ಯಶವಂತ ಚಿತ್ತಾಲರು ಅಲ್ಲೇ ಓದಿ, ಇಲ್ಲೇ ಕಂಪನಿಯಲ್ಲಿ ಕೆಲಸ ಮಾಡುತ್ತಾ ಕನ್ನಡದಲ್ಲಿ ಬರೆದರು. ಈಗ ಅದು ಐ.ಸಿ.ಟಿ. (ಇನ್ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಅಂತ ಬೇರೆಯೇ ಆಗಿದೆ.

ಸ್ಲೋ ಲೋಕಲ್ | ಭಾನುವಾರ, ಸಂಜೆ 5:50

ನಾನು ಸಮಾಜಶಾಸ್ತ್ರ ಓದಿದವಳು, ನನ್ನ ಒಂದು ಪಾಲು ಹಾಕುತ್ತೇನೆ.

'60 ವರ್ಷ ಪಾಠ ಇರಲಿಲ್ಲ' ಅಂದರಲ್ಲ, ಆ 60 ವರ್ಷ ಆದ ಮೇಲೆ ಶುರುವಾದ ಮೊದಮೊದಲ ವಿಭಾಗಗಳಲ್ಲಿ ಸಮಾಜಶಾಸ್ತ್ರವೂ ಒಂದು. 1919. ಅದರ ಮೊದಲ ಪ್ರೊಫೆಸರ್ ಪ್ಯಾಟ್ರಿಕ್ ಗೆಡ್ಡೆಸ್. ಊರುಗಳನ್ನು ಹೇಗೆ ಕಟ್ಟಬೇಕು ಅಂತ ತಲೆ ಕೆಡಿಸಿಕೊಂಡ ಸ್ಕಾಟ್‌ಲೆಂಡಿನ ಮನುಷ್ಯ. ಹಳೇ ಕೇರಿಯನ್ನು ಬುಡಸಮೇತ ಒಡೆದು ಅಗಲ ರಸ್ತೆ ಮಾಡುವುದು ಆ ಕಾಲದ ಪದ್ಧತಿ. ಇವರು ಬೇಡ ಅಂದರು. ಮೊದಲು ಓಣಿ ಓಣಿ ತಿರುಗಿ ನೋಡಿ, ಎಷ್ಟು ಬೇಕೋ ಅಷ್ಟೇ ತೆಗೆಯಿರಿ, ಬಾವಿ, ಮರ, ಅಂಗಳ ಉಳಿಸಿ ಅಂದರು. ಇವತ್ತಿನ ಬಿಲ್ಡರುಗಳಿಗೆ ಓದಿಸಬೇಕು, ಹೋಗಲಿ ಬಿಡಿ.

ಅವರ ನಂತರ ವಿಭಾಗ ಕಟ್ಟಿದ್ದು ಮಾಲ್ವಣದ ಕಡೆಯ ಜಿ.ಎಸ್. ಘುರ್ಯೆ. ಅವರ ಹತ್ತಿರ ಓದಲು ಮೈಸೂರಿನಿಂದ ಬಂದ ಹುಡುಗ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಮದುವೆ, ಮನೆತನಗಳ ಬಗ್ಗೆ ಅವರು ಮಾಡಿದ ಮೊದಲ ಅಧ್ಯಯನ ಮುಂಬೈ ಯೂನಿವರ್ಸಿಟಿಯಲ್ಲಿ. ಕೊಡಗಿನ ಅಧ್ಯಯನಕ್ಕೆ ಬುನಾದಿ ಬಿದ್ದದ್ದೂ ಇಲ್ಲೇ, ಆಕ್ಸ್‌ಫರ್ಡ್ ಆಮೇಲೆ. ಕೊಡಗನ್ನೂ ಮೈಸೂರನ್ನೂ ಅರ್ಥ ಮಾಡಿಕೊಳ್ಳುವ ಕಣ್ಣು ಸಿಕ್ಕಿದ್ದು ಲೋಕಲ್ ಟ್ರೇನಿನ ಊರಿನಲ್ಲಿ. ನನಗೆ ಆಶ್ಚರ್ಯ ಆಗುವುದಿಲ್ಲ. ಎಂಟು ಭಾಷೆಯವರು ಒಂದೇ ಡಬ್ಬಿಯಲ್ಲಿ, ಮೂವರ ಬೆಂಚಿಗೆ ನಾಲ್ವರಂತೆ ಕೂತಾಗ, ಮನುಷ್ಯರು ಹೇಗೆ ಸರಿದು ಜಾಗ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ ಅಂತ ದಿನಾ ಕಾಣುತ್ತದೆ.

ಕಲೀನಾ ಅಕ್ಕ | ಭಾನುವಾರ, ರಾತ್ರಿ 8:35

ಸಾಂತಾಕ್ರೂಜ್ ಅಣ್ಣಾ, ನೀವು ಟ್ರಾಫಿಕ್ಕಿನಲ್ಲಿ ನಿಲ್ಲುವ ಗೇಟಿನ ಒಳಗೆ ರಾನಡೆ ಭವನ ಅಂತ ಇದೆ. ಅಲ್ಲಿ ಕನ್ನಡ ವಿಭಾಗ ಇದೆ. ಗೊತ್ತಾ? ಗೊತ್ತಿಲ್ಲ ಅಂತ ಕಾಣುತ್ತದೆ.

ಆ ಭವನಕ್ಕೆ ರಾನಡೆಯವರ ಹೆಸರು ಇರುವುದು ಸರಿಯಾಗಿಯೇ ಇದೆ. ಯೂನಿವರ್ಸಿಟಿಯಲ್ಲಿ ಸಂಸ್ಕೃತ, ಲ್ಯಾಟಿನ್‌ಗೆ ಮಣೆ, ದೇಶಭಾಷೆಗಳಿಗೆ ಹಿತ್ತಿಲು ಅಂತ ಇದ್ದಾಗ, ಜನ ಆಡುವ ಭಾಷೆಗೂ ಜಾಗ ಕೊಡಿ ಅಂತ ವರ್ಷಗಟ್ಟಲೆ ಗುದ್ದಾಡಿದವರು ಅವರು. ಕನ್ನಡ ವಿಭಾಗ ಬಂದದ್ದು 1978ರಲ್ಲಿ. ಶ್ರೀನಿವಾಸ ಹಾವನೂರು, ತಾಳ್ತಜೆ ವಸಂತಕುಮಾರ ಅಂಥವರು ಅಲ್ಲಿ ಪಾಠ ಹೇಳಿದ್ದಾರೆ. ಮುಂಬೈ ಕನ್ನಡಿಗರ ಬಗ್ಗೆ ಅಲ್ಲಿಂದ ಒಂದರ ಹಿಂದೆ ಒಂದು ಪುಸ್ತಕ ಬಂದಿವೆ.

ನಾನು ಎಂ.ಎ. ಸೇರಿದ್ದು 46ನೇ ವಯಸ್ಸಿನಲ್ಲಿ. ಮಕ್ಕಳು ಕಾಲೇಜಿಗೆ ಹೋದ ಮೇಲೆ. ಡೊಂಬಿವಲಿಯಿಂದ ಕುರ್ಲಾ, ಅಲ್ಲಿಂದ ಶೇರ್ ರಿಕ್ಷಾ. ಕ್ಲಾಸಿನಲ್ಲಿ ನನ್ನ ಹಾಗೇ ಇಬ್ಬರು ಗೃಹಿಣಿಯರು, ಒಬ್ಬರು ಟೀಚರ್, ಒಬ್ಬರು ಹೋಟೆಲ್ ಮ್ಯಾನೇಜರ್. ಪಂಪನ ಪದ್ಯ ಬಿಡಿಸುವಾಗ ಆ ಮ್ಯಾನೇಜರಿಗೆ ಫೋನು. "ಗ್ಯಾಸ್ ಬಂತಾ? ಎರಡು ಸಿಲಿಂಡರ್ ಇಳಿಸಿಕೊಳ್ಳಿ" ಅಂತ ಮೆಲ್ಲಗೆ ಹೇಳಿ, ಮತ್ತೆ ಪಂಪನಿಗೆ ಬರುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು, ಬೈಯುತ್ತಿರಲಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ನನ್ನ ಮಗ ನನಗೆ ಪ್ರಶ್ನೆ ಕೇಳಬೇಕಿತ್ತು. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಪ್ರಶ್ನೆಗಳನ್ನು ದೇವನಾಗರಿಯಲ್ಲಿ ಬರೆದುಕೊಟ್ಟೆ. ಅವನು ಓದುವ ಧಾಟಿಗೆ ರನ್ನನ ಭೀಮನೂ ಪುಣೆಯವನಾಗಿಬಿಟ್ಟ.

ಕೆಲಸಕ್ಕೆ ಹೋಗುವವರಿಗೆ ದೂರ ಶಿಕ್ಷಣವೂ 1971ರಿಂದ ಇದೆ, ಈಗ ಅದೂ ಕಲೀನಾದಲ್ಲೇ. ನನ್ನ ನಾದಿನಿ ಬಿ.ಎ. ಮಾಡಿದ್ದು ಹಾಗೆ. ಅಜ್ಜನ ಬೆಳಗಿನ ಕಾಲೇಜು ಈಗ ಆ ರೂಪದಲ್ಲಿದೆ ಅಂತ ಇಟ್ಟುಕೊಳ್ಳಿ.

ವಡಾಲಾ ಹುಡುಗ | ಭಾನುವಾರ, ರಾತ್ರಿ 9:12

ಅಕ್ಕಾ, ನಿಮ್ಮ ವಿಭಾಗಕ್ಕೆ ಮುಂದೆ ಯಾರು ಬರುತ್ತಾರೆ ಹೇಳಿ? ಕೆಳಗಿನ ಮೆಟ್ಟಿಲೇ ಕುಸಿಯುತ್ತಿದೆಯಲ್ಲ. ಮುನ್ಸಿಪಾಲಿಟಿಯ ಕನ್ನಡ ಶಾಲೆಗಳಲ್ಲಿ ಮಕ್ಕಳಿಲ್ಲ, ಒಂದೊಂದೇ ಮುಚ್ಚುತ್ತಿವೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಈ ಥ್ರೆಡ್ ಓದುವಷ್ಟು ಕನ್ನಡ ಕಲಿತದ್ದು ಅಮ್ಮನ ವಾರಪತ್ರಿಕೆಯಿಂದ.

ಮೇಲಿನ ಮೆಟ್ಟಿಲೂ ಹೋಗುತ್ತಿದೆ. ಅಂಬೇಡ್ಕರ್ ಓದಿದ ಎಲ್ಫಿನ್‌ಸ್ಟನ್, ಅವರು ಪಾಠ ಮಾಡಿದ ಸಿಡೆನ್‌ಹ್ಯಾಮ್, ಎರಡೂ ಈಗ ಮುಂಬೈ ಯೂನಿವರ್ಸಿಟಿಯಲ್ಲಿ ಇಲ್ಲ. 2019ರಲ್ಲಿ ಹೋಮಿ ಭಾಭಾ ಸ್ಟೇಟ್ ಯೂನಿವರ್ಸಿಟಿಗೆ ಸೇರಿದವು. ಎಲ್ಫಿನ್‌ಸ್ಟನ್ ಅಂತೂ ಯೂನಿವರ್ಸಿಟಿಗಿಂತ ಹಳೆಯದು. ದೊಡ್ಡ ಕಾಲೇಜುಗಳೆಲ್ಲ ಸ್ವಾಯತ್ತ ಆಗಿ ತಮ್ಮ ಪ್ರಶ್ನೆಪತ್ರಿಕೆ ತಾವೇ ಮಾಡುತ್ತಿವೆ. ಅಜ್ಜ ಹೇಳಿದ 'ಶ್ರೀಮಂತನಿಗೂ ನನಗೂ ಒಂದೇ ಪತ್ರಿಕೆ' ಇನ್ನೆಷ್ಟು ದಿನ? ನನಗೆ ಸಿಟ್ಟು ಬರುವುದು ಅದಕ್ಕೆ. ಕೌಂಟರಿನ ವಿಷಯ ಸುಮ್ನೆ ಹೇಳಿದ್ದು.

ಫೋರ್ಟ್ ತಿರುಗಾಟ | ಭಾನುವಾರ, ರಾತ್ರಿ 9:30

ಈಗ ನೀವೇ ಯೂನಿವರ್ಸಿಟಿ ಪರ ಮಾತಾಡುತ್ತಿದ್ದೀರಿ, ಗಮನಿಸಿದಿರಾ?

ಧಾರವಾಡ ಪೇಢೆ | ಭಾನುವಾರ, ರಾತ್ರಿ 9:34

ಹ್ಹಹ್ಹ. ತಮ್ಮಾ, ಸಿಕ್ಕಿಬಿದ್ದಿ.

ಕಲೀನಾ ಅಕ್ಕ | ಭಾನುವಾರ, ರಾತ್ರಿ 9:50

ವಡಾಲಾ ತಮ್ಮಾ, ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರೆಲ್ಲ 40 ದಾಟಿದವರು. ಆದರೆ ಒಂದು ದಾರಿ ಇದೆ. ಡಿಗ್ರಿ ಆದವರು ಸೆನೆಟ್, ಅಂದರೆ ಯೂನಿವರ್ಸಿಟಿಯ ಪ್ರತಿನಿಧಿ ಸಭೆಯ ಚುನಾವಣೆಗೆ ಹೆಸರು ನೋಂದಾಯಿಸಿಕೊಂಡರೆ ಓಟು ಹಾಕಬಹುದು. 2016ರ ಕಾಯ್ದೆ ಪ್ರಕಾರ ಪದವೀಧರರಿಗೆ ಅಂತ 10 ಸ್ಥಾನ ಇದೆ. ಮರಾಠಿ ಹುಡುಗರು ಅದಕ್ಕೆ ಹೇಗೆ ಓಡಾಡುತ್ತಾರೆ ನೋಡು. ನಾವು ಸಂಘದ ವಾರ್ಷಿಕೋತ್ಸವಕ್ಕೆ ಶಾಲು ಹಂಚುತ್ತೇವೆ. ನೀನು ಹೆಸರು ಹಾಕಿಸಿದ್ದೀಯಾ?

ವಡಾಲಾ ಹುಡುಗ | ಭಾನುವಾರ, ರಾತ್ರಿ 9:53

ಇಲ್ಲ.

ಕಲೀನಾ ಅಕ್ಕ | ಭಾನುವಾರ, ರಾತ್ರಿ 9:54

ಹ್ಞಾಂ. ಅಮ್ಮನ ಹೆಸರಿನ ಸ್ಪೆಲಿಂಗ್ ಸರಿ ಇರುವ ಮಾರ್ಕ್‌ಶೀಟೇ ಹಚ್ಚು.

ಸಾಂತಾಕ್ರೂಜ್ ಅಪ್ಪ | ಭಾನುವಾರ, ರಾತ್ರಿ 10:20

ನಾನು ಕೇಳಿದ್ದು ಒಂದು ಪ್ರಶ್ನೆ, ಸಿಕ್ಕಿದ್ದು ಕರಾಚಿಯಿಂದ ಕಾರವಾರ.

ಮಗಳು ಒಂದು ಮಾತು ಕೇಳಲು ಹೇಳಿದ್ದಾಳೆ. ಅಣ್ಣಾ, ಆ ಬಿಲ್ ಪುಸ್ತಕ ಇನ್ನೂ ಇದೆಯಾ? ಇದ್ದರೆ ಒಮ್ಮೆ ನೋಡಬೇಕಂತೆ. ಅವಳದ್ದೂ ಎಕನಾಮಿಕ್ಸೇ. ಮುಂದಿನ ಭಾನುವಾರ ನಾವು ಫೋರ್ಟ್ ಕಡೆ ಬರುತ್ತೇವೆ. ನಿಮಗೆ ಭಾಂಡುಪಿನಿಂದ ಬರುವುದು ಕಷ್ಟವಾದರೆ ನಾವೇ ಮನೆಗೆ ಬರುತ್ತೇವೆ.

ರಾತ್ರಿಶಾಲೆಯವ | ಸೋಮವಾರ, ಬೆಳಿಗ್ಗೆ 6:15

ಒಂದು ಉಳಿದಿದೆ. ಬೇರೆಯವೆಲ್ಲ 2005ರ ಮಳೆಯಲ್ಲಿ ಹೋದವು, ನೆಲಮಹಡಿ ಮನೆ. ಉಳಿದದ್ದರಲ್ಲೂ ಅಕ್ಷರ ಅರ್ಧ ಮಾಸಿದೆ. ಒಂದು ಕಡೆ 'ಎರಡು ಮಸಾಲೆ, ಒಂದು ಸಾದಾ', ಹಿಂದುಗಡೆ 'ಹಣದುಬ್ಬರ'.

ಭಾಂಡುಪಿನಿಂದ ಬರುವುದು ಏನೂ ಕಷ್ಟ ಇಲ್ಲ, ಭಾನುವಾರ ಟ್ರೇನಿನಲ್ಲಿ ಸೀಟು ಸಿಗುತ್ತದೆ. ಓವಲ್ ಕಡೆಯ ಕಂಬಿಬೇಲಿ ಹತ್ತಿರ ನಿಲ್ಲುತ್ತೇನೆ. ನೀಲಿ ಕೊಡೆ ಇರುತ್ತದೆ. ಹನ್ನೊಂದು ಹೊಡೆಯುವ ಮೊದಲು ಬನ್ನಿ.

ವಡಾಲಾ ಹುಡುಗ | ಸೋಮವಾರ, ಬೆಳಿಗ್ಗೆ 8:40

ನಾನೂ ಬರಲಾ ಅಜ್ಜಾ?

ರಾತ್ರಿಶಾಲೆಯವ | ಸೋಮವಾರ, ಬೆಳಿಗ್ಗೆ 9:02

ಬಾ. ಚಹಾ ನಿನ್ನದು.